ಶನಿವಾರದ ಹಾಡು

ಹಾಡು ಕಳಿಸುವುದರಲ್ಲೇನಿದೆ, ಬೆರಳೊತ್ತಿದರೆ ಹೋಯಿತು ಎನ್ನುವವರಿದ್ದಾರೆ. ಅವರು ಕಳಿಸುವುದು ಊರಿಗೆಲ್ಲ. ಬೆಳಿಗ್ಗೆ ಎದ್ದೊಡನೆ ಶುಭೋದಯದ ಗುಲಾಬಿ, ಅದರ ಬೆನ್ನಿಗೇ ಒಂದು ಹಾಡು. ಒಬ್ಬರಿಗೆ, ಅವರಿಗೆಂದೇ ಹುಡುಕಿ ಒಂದು ಹಾಡು ಕಳಿಸುವುದರ ಕಷ್ಟಸುಖ ಬೇರೆ. ಅವರು ಕೇಳುವುದು ಅಡುಗೆಮನೆಯಲ್ಲೋ ಮೆಟ್ರೋದಲ್ಲೋ, ಕಿವಿಗೆ ಇಯರ್‌ಫೋನ್ ಸಿಕ್ಕಿಸುತ್ತಾರೋ ಅಥವಾ ಫೋನನ್ನು ಸ್ಟೀಲ್ ಲೋಟದೊಳಗೆ ನಿಲ್ಲಿಸಿ ದನಿ ದೊಡ್ಡದು ಮಾಡಿಕೊಳ್ಳುತ್ತಾರೋ ಗೊತ್ತಿರಬೇಕು. ಸಾರಂಗಿ ಕೇಳಿದೊಡನೆ ದೂರದರ್ಶನದಲ್ಲಿ ಯಾರೋ ನಾಯಕರು ತೀರಿಕೊಂಡ ದಿನ ನೆನಪಾಗಿ ಮುಖ ಸಪ್ಪಗೆ ಮಾಡುವವರಿಗೆ ಸಾರಂಗಿ ಕಳಿಸಿ ಪ್ರಯೋಜನವಿಲ್ಲ. ಒಂಥರಾ ಹೆಣ್ಣು-ಗಂಡು ಕೂಡಿಸುವ ಮಧ್ಯಸ್ಥಿಕೆ ಇದು. ಎರಡೂ ಕಡೆಯವರ ಸ್ವಭಾವ ತಿಳಿದಿರಬೇಕು, ಜೋಡಿ ಹೊಂದದಿದ್ದರೆ ಬೈಗುಳಕ್ಕೂ ತಯಾರಿರಬೇಕು.

ನನ್ನ ಶನಿವಾರಗಳು ಹೀಗೆ ಹೋಗುತ್ತವೆ. ಮೈಸೂರಿನ ಅತ್ತಿಗೆ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ, ಪಕ್ಕದ ಮನೆಯ ಧಾರವಾಡದ ರಾಯರು, ಒಂದಿಬ್ಬರು ಹಳೆಯ ಗೆಳೆಯರು. ಒಬ್ಬೊಬ್ಬರಿಗೆ ಒಂದೊಂದು ಹಾಡು, ವಾರಕ್ಕೆ ಒಂದೇ. ಅವರು ತಾವಾಗಿ ಕಾಲಿಡದ ಕೇರಿಯದೇ ಆಗಿರಬೇಕು ಎಂಬುದು ನಾನೇ ಹಾಕಿಕೊಂಡ ಷರತ್ತು. ಭಾವಗೀತೆ ಮೆಚ್ಚುವವರಿಗೆ ಇನ್ನೊಂದು ಭಾವಗೀತೆ ಕಳಿಸುವುದಕ್ಕೆ ನಾನೇಕೆ ಬೇಕು?

ಅದಕ್ಕೆ ಯಂತ್ರವಿದೆ. ಸ್ಪಾಟಿಫೈ 2015ರಿಂದ ಪ್ರತಿ ಸೋಮವಾರ 30 ಹಾಡುಗಳ ಪಟ್ಟಿಯೊಂದನ್ನು ಕೇಳುಗರ ಕೈಗಿಡುತ್ತಿದೆ. ನಾವು ಕೇಳಿದ್ದನ್ನೇ ಕೇಳಿದ ಬೇರೆ ಜನ ಇನ್ನೇನೇನು ಕೇಳಿದ್ದಾರೆ ಎಂದು ಲೆಕ್ಕ ಹಾಕಿ, ನಮ್ಮ ಪಟ್ಟಿಯಲ್ಲಿಲ್ಲದ್ದನ್ನು ಅವರ ಪಟ್ಟಿಯಿಂದ ಎತ್ತಿಕೊಡುವುದು ಅದರ ಮುಖ್ಯ ಉಪಾಯಗಳಲ್ಲೊಂದು. ನಾನೂ ಕೇಳುತ್ತೇನೆ, ಒಳ್ಳೆಯವು ಸಿಕ್ಕಿವೆ, ಸುಳ್ಳು ಹೇಳಬಾರದು. ಆದರೆ ಅದು ಕರೆದೊಯ್ಯುವುದು ಪಕ್ಕದ ಮನೆಗೆ, ಹೆಚ್ಚೆಂದರೆ ಅದೇ ಬೀದಿಯ ಕೊನೆಗೆ. ಜೊತೆಗೆ, ಯಾಕೆ ಕಳಿಸಿದೆ ಎಂದು ಹೇಳುವ ಬಾಯಿ ಅದಕ್ಕಿಲ್ಲ. ನನ್ನ ಮಟ್ಟಿಗೆ ಹಾಡಿನ ಜೊತೆ ಹೋಗುವ ಎರಡು ಸಾಲಿನ ಚೀಟಿಯೇ ಅರ್ಧ ಕೆಲಸ.

ಈ ಚೀಟಿಯ ವಿಷಯದಲ್ಲಿ ನನ್ನ ಗುರು ನಮ್ಮೂರ ಬಸ್‌ಸ್ಟ್ಯಾಂಡಿನ ಎದುರಿದ್ದ ರೆಕಾರ್ಡಿಂಗ್ ಅಂಗಡಿಯವನು. ಆಗ ಖಾಲಿ ಕ್ಯಾಸೆಟ್ ಕೊಂಡು, ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟು ಬಂದರೆ ಎರಡು-ಮೂರು ದಿನದಲ್ಲಿ ತುಂಬಿಸಿ ಕೊಡುತ್ತಿದ್ದರು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದು ಕಡೆ ಅರ್ಧ ಗಂಟೆ. ಸಿನಿಮಾ ಹಾಡುಗಳನ್ನು ಎಷ್ಟೇ ಜೋಡಿಸಿದರೂ ಕೊನೆಯಲ್ಲಿ ಮೂರೋ ನಾಲ್ಕೋ ನಿಮಿಷ ಉಳಿಯುತ್ತಿತ್ತು. ಬೇರೆ ಅಂಗಡಿಗಳಲ್ಲಿ ಅದನ್ನು ಹಾಗೇ ಬಿಡುತ್ತಿದ್ದರು, ಇಲ್ಲವೇ ಯಾವುದೋ ಹಾಡನ್ನು ಅರ್ಧಕ್ಕೆ ಕತ್ತರಿಸಿ ತುರುಕುತ್ತಿದ್ದರು. ಈತ ಮಾತ್ರ ಅಲ್ಲಿಗೆ ತನಗಿಷ್ಟವಾದದ್ದೊಂದನ್ನು ಅಳೆದು ಹಾಕುತ್ತಿದ್ದ. ರಾಜನ್-ನಾಗೇಂದ್ರರ ಹಾಡುಗಳ ಕೊನೆಗೆ ಬಿಸ್ಮಿಲ್ಲಾ ಖಾನರ ಒಂದು ಧುನ್. ಇಳಯರಾಜರ ಬೆನ್ನಿಗೆ ಕಾಳಿಂಗ ನಾವಡರ ಒಂದು ಪದ್ಯ. ಕ್ಯಾಸೆಟ್ಟಿನ ಒಳಚೀಟಿಯಲ್ಲಿ ಉಳಿದೆಲ್ಲ ಹಾಡುಗಳ ಹೆಸರು ನೀಲಿ ಶಾಯಿಯಲ್ಲಿ, ಇದೊಂದು ಕೆಂಪಿನಲ್ಲಿ. ಪಕ್ಕದಲ್ಲಿ ‘ಚಂಡೆ ನಿಂತ ಮೇಲೆ ಕೇಳಿ’ ಎಂಬಂಥ ಒಂದು ಮಾತು. ದುಡ್ಡು ಆ ಹಾಡಿಗೂ ಸೇರಿಯೇ ತೆಗೆದುಕೊಳ್ಳುತ್ತಿದ್ದ, ಅದು ಬೇರೆ ವಿಷಯ. ಯಕ್ಷಗಾನದ ಊರಿನವನಲ್ಲದ ನಾನು ಬಡಗುತಿಟ್ಟಿನ ಆಟ ನೋಡಲು ಕುಂದಾಪುರದ ಕಡೆಗೆ ಹೋಗುವಂತಾದದ್ದು ಆ ಕೆಂಪು ಶಾಯಿಯ ದೆಸೆಯಿಂದ. ಅಷ್ಟರಲ್ಲಿ ನಾವಡರು ಇರಲಿಲ್ಲ. ಮೂವತ್ತು ದಾಟಿದ್ದಷ್ಟೇ, 1990ರಲ್ಲಿ ರಸ್ತೆ ಅಪಘಾತ ಅವರನ್ನು ಒಯ್ದಿತ್ತು.

ಅಂಗಡಿಗಳ ಈ ಉಪಕಾರಕ್ಕೆ ದೊಡ್ಡ ಸಾಕ್ಷಿ ನಮ್ಮ ನಾಡಿನಲ್ಲೇ ಇದೆ. ಅಂಗಡಿಯೊಂದರ ಗ್ರಾಮಫೋನಿನಲ್ಲಿ ಅಬ್ದುಲ್ ಕರೀಂ ಖಾನರು ಹಾಡಿದ ಝಿಂಝೋಟಿ ಠುಮ್ರಿ ಕೇಳಿ ಗದಗಿನ ಹುಡುಗನೊಬ್ಬನಿಗೆ ಹುಚ್ಚು ಹಿಡಿಯಿತು, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಓಡಿದ. ಭೀಮಸೇನ ಜೋಶಿಯವರ ಬದುಕಿನ ಈ ಕಥೆ ಎಲ್ಲರಿಗೂ ಗೊತ್ತು. ನನ್ನ ಕುತೂಹಲವೆಲ್ಲ ಆ ಅಂಗಡಿಯವನ ಮೇಲೆ. ಅವತ್ತು ಆತ ಆ ಪ್ಲೇಟನ್ನೇ ಏಕೆ ಹಾಕಿದ? ಗಿರಾಕಿ ಬರಲೆಂದೋ, ತನಗೇ ಕೇಳಬೇಕೆನಿಸಿಯೋ?

ಇರಲಿ, ನನ್ನ ಅಂಗಡಿಗೆ ಬರುತ್ತೇನೆ. ಗೊತ್ತಿರುವ ಕಡೆಯಿಂದ ಗೊತ್ತಿಲ್ಲದ ಕಡೆಗೆ ಒಂದು ದಾರಿ ಹುಡುಕುವುದು ಇದರಲ್ಲಿನ ಖುಷಿ. ಅತ್ತಿಗೆಯನ್ನೇ ತೆಗೆದುಕೊಳ್ಳಿ. ಅವರ ಮಟ್ಟಿಗೆ ಸಂಗೀತವೆಂದರೆ 1978ರಲ್ಲಿ ಬಂದ ‘ನಿತ್ಯೋತ್ಸವ’ದ ಕ್ಯಾಸೆಟ್, ನಿಸಾರರ ಪದ್ಯ, ಮೈಸೂರು ಅನಂತಸ್ವಾಮಿಯವರ ರಾಗ. ಅದರಾಚೆಗಿನದೆಲ್ಲ ‘ಕಿರುಚಾಟ’. ಈ ‘ಕಿರುಚಾಟ’ದ ಮೇಲೆ ಬಹಳ ಯೋಚಿಸಿದೆ. ಅವರಿಗೆ ಬೇಡವಾಗಿರುವುದು ಬೇರೆ ಭಾಷೆಯಲ್ಲ, ಬೇರೆ ವಾದ್ಯವೂ ಅಲ್ಲ, ಎತ್ತಿದ ದನಿ. ಹಾಗಾದರೆ ದನಿ ಎತ್ತದೆ ಹಾಡುವವರು ಜಗತ್ತಿನಲ್ಲಿ ಯಾರಿದ್ದಾರೆ?

ಸೆಸಾರಿಯಾ ಎವೊರಾ ಇದ್ದರು. ಆಫ್ರಿಕಾದ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿ ಕೇಪ್ ವರ್ಡ್ ಎಂಬ ದ್ವೀಪಗಳಿವೆ. 1975ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದವು. ಅಲ್ಲಿನ ಮಿಂಡೆಲೊ ಬಂದರಿನ ಬಾರುಗಳಲ್ಲಿ ಹಾಡುತ್ತಿದ್ದ ಹೆಂಗಸು. ನಡುವೆ ಎಷ್ಟೋ ವರ್ಷ ಹಾಡುವುದನ್ನೇ ಬಿಟ್ಟಿದ್ದರು. 1992ರಲ್ಲಿ ‘ಮಿಸ್ ಪರ್ಫುಮಾಡೊ’ ಆಲ್ಬಮ್ ಬಂದು ಹೊರಜಗತ್ತು ತಿರುಗಿ ನೋಡುವ ಹೊತ್ತಿಗೆ ಐವತ್ತು ದಾಟಿತ್ತು. ವೇದಿಕೆಗೆ ಬರಿಗಾಲಲ್ಲೇ ಬರುತ್ತಿದ್ದರು. ಅವರು ಹಾಡುತ್ತಿದ್ದುದು ಮೊರ್ನಾ ಎಂಬ ನಿಧಾನ ಲಯದ ಹಾಡು. ಊರು ಬಿಟ್ಟವರ, ಬಿಟ್ಟುಹೋದವರನ್ನು ಕಾಯುವವರ ಹಾಡು. ಆ ಆಲ್ಬಮ್ಮಿನ ‘ಸೊಡಾಡೆ’ ದುಡಿಮೆಗೆಂದು ದೂರದ ಸಾವೊ ಟೊಮೆ ದ್ವೀಪಕ್ಕೆ ಹಡಗು ಹತ್ತಿದವರನ್ನು ಕುರಿತದ್ದು. ಇಷ್ಟೆಲ್ಲವನ್ನೂ ಅತ್ತಿಗೆಗೆ ಬರೆದರೆ ಪಾಠವಾಗುತ್ತದೆ. ‘ಈಯಮ್ಮ ಎಲ್ಲೂ ದನಿ ಎತ್ತುವುದಿಲ್ಲ. ಸೊಪ್ಪು ಬಿಡಿಸುವಾಗ ಕೇಳಿ’ ಎಂದಷ್ಟೇ ಬರೆದೆ. ಸಂಜೆ ಫೋನು ಬಂತು. “ಮೂರು ಸಲ ಹಾಕಿದೆ ಕಣಪ್ಪ. ಆಕೆಗೆ ಯಾರೋ ಬರಬೇಕಾಗಿತ್ತು, ಬಂದಿಲ್ಲ, ಅಲ್ವಾ?” ಮೊರ್ನಾ ಎಂದರೇನು ಎಂದು ಬೇರೆ ಯಾರಿಗಾದರೂ ಹೇಳಬೇಕಾಗಿ ಬಂದರೆ ನಾನು ಇದನ್ನೇ ಹೇಳುತ್ತೇನೆ.

ಧೈರ್ಯ ಬಂದು ಅತ್ತಿಗೆಗೆ ಗೌಹರ್ ಜಾನ್‌ರ ರೆಕಾರ್ಡು ಕಳಿಸಿದ್ದುಂಟು. ನಮ್ಮ ದೇಶದಲ್ಲಿ 1902ರಲ್ಲಿ ಧ್ವನಿಮುದ್ರಣ ಶುರುವಾದಾಗ ಮೊದಮೊದಲಿಗೆ ಹಾಡಿದವರಲ್ಲಿ ಆಕೆ ಒಬ್ಬರು. ಹಾಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿ ಮುಗಿಸುತ್ತಿದ್ದರು. ರೆಕಾರ್ಡು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರದ್ದೆಂದು ಅಲ್ಲಿನವರಿಗೆ ತಿಳಿಯಬೇಕಲ್ಲ. ಗರಗರ ಸದ್ದು ಜಾಸ್ತಿ, ದನಿಯೂ ಎತ್ತರದ್ದು, ಅತ್ತಿಗೆಯ ಕಾನೂನಿನ ಪ್ರಕಾರ ನಪಾಸಾಗಬೇಕು. ಆದರೆ ಚೀಟಿಯಲ್ಲಿ ‘ಈಕೆ ಕೊನೆಗೆ ಅರಮನೆಯ ಆಶ್ರಯದಲ್ಲಿ ನಿಮ್ಮೂರಿನಲ್ಲೇ ಇದ್ದರು, 1930ರಲ್ಲಿ ತೀರಿಕೊಂಡದ್ದೂ ಅಲ್ಲೇ’ ಎಂದಿತ್ತು. ಊರಿನ ಅಭಿಮಾನ ಸಂಗೀತಾಭಿಮಾನಕ್ಕಿಂತ ಒಂದು ತೂಕ ಹೆಚ್ಚು ಎಂದು ಅವತ್ತು ಗೊತ್ತಾಯಿತು.

ಅಕ್ಕನ ಮಗನದ್ದು ಬೇರೆ ಪ್ರಪಂಚ. ರ‍್ಯಾಪ್ ಬಿಟ್ಟರೆ ಬೇರೇನೂ ಇಲ್ಲ. ಕರ್ನಾಟಕ ಸಂಗೀತ ಅಂದರೆ ಅಜ್ಜಿಯ ರೇಡಿಯೋ. ಅವನ ಹತ್ತಿರ ಹೋಗಲು ದಾರಿ ರಾಗದ ಕಡೆಯಿಂದ ಇಲ್ಲ, ಬಾಯಿಯ ಕಡೆಯಿಂದ ಇದೆ. ಮೃದಂಗದ ಸೊಲ್ಲುಗಳನ್ನು ಬಾಯಲ್ಲೇ ನುಡಿಸುವ ಕೊನ್ನಕೋಲಿನ ತುಣುಕೊಂದನ್ನು ಕಳಿಸಿ, ‘ಉಸಿರು ಎಲ್ಲೆಲ್ಲಿ ತೆಗೆದುಕೊಳ್ಳುತ್ತಾರೆ, ಹಿಡಿ ನೋಡೋಣ’ ಎಂದು ಬರೆದೆ. ರ‍್ಯಾಪಿನವರಿಗೆ ಉಸಿರಿನ ಲೆಕ್ಕ ಪ್ರಾಣದ ಲೆಕ್ಕ. ಮಾರನೆಯ ವಾರ ‘ಜ್ಯೋತಿ’ ಕಳಿಸಿದೆ. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಮ್ಮ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರೊಂದಿಗೆ ಸೇರಿ ಮಾಡಿದ ಆಲ್ಬಮ್. ಜರ್ಮನಿಯ ಇಸಿಎಂ 1983ರಲ್ಲಿ ಹೊರತಂದದ್ದು. ಆರ್.ಎ. ರಮಾಮಣಿಯವರ ಕಂಠ, ಟಿ.ಎ.ಎಸ್. ಮಣಿಯವರ ಮೃದಂಗ. ಜಾಝ್ ಮತ್ತು ಕರ್ನಾಟಕ ಸಂಗೀತದ ಕೂಡಿಕೆಗಳಲ್ಲಿ ಬಹಳಷ್ಟು ಪರಸ್ಪರ ಹೊಗಳಿಕೆಯ ಸಭೆಗಳಂತೆ ಇರುತ್ತವೆ, ನನಗೆ ಸೇರುವುದಿಲ್ಲ. ಇದರಲ್ಲಿ ಮರಿಯಾನೊ ಸುಮ್ಮನಿರಬೇಕಾದ ಕಡೆ ಸುಮ್ಮನಿರುತ್ತಾರೆ. ಹುಡುಗನ ಉತ್ತರ: “ಮಾಮ, ಇದು ಬೆಂಗಳೂರಾ? ನಮ್ ಬೆಂಗಳೂರಾ?”

ಈಗ ಅವನೂ ಕಳಿಸುತ್ತಾನೆ, ನನಗಿಂತ ಚಾಲಾಕಿ. ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ಎಂಬ ನ್ಯೂಯಾರ್ಕಿನ ಹಿಪ್‌ಹಾಪ್ ತಂಡದ 1991ರ ಆಲ್ಬಮ್ಮಿನಿಂದ ಒಂದು ಹಾಡು ಆರಿಸಿ, ‘ಮಾತು ಬಿಡಿ, ಕೆಳಗಿನ ಡಬಲ್ ಬಾಸ್ ಕೇಳಿ’ ಎಂದು ಬರೆದ. ಕೇಳಿದೆ. ನುಡಿಸುತ್ತಿದ್ದವರು ರಾನ್ ಕಾರ್ಟರ್, ಅರವತ್ತರ ದಶಕದಲ್ಲಿ ಮೈಲ್ಸ್ ಡೇವಿಸ್‌ರ ಜೊತೆಗಿದ್ದವರು! ಮೈಲ್ಸ್ ಡೇವಿಸ್ ನನ್ನ ದೌರ್ಬಲ್ಯ ಎಂಬುದು ಅವನಿಗೆ ಗೊತ್ತು. ಯಾವ ದಾರಿಯಲ್ಲಿ ನಾನು ಅವನ ಹತ್ತಿರ ಹೋಗಿದ್ದೆನೋ ಅದೇ ದಾರಿಯಲ್ಲಿ ನನ್ನನ್ನು ಎಳೆದುಕೊಂಡು ಹೋದ.

ಎಲ್ಲ ಶನಿವಾರವೂ ಇಷ್ಟು ಸುಭಿಕ್ಷವಲ್ಲ. ಒಂಬತ್ತು ನಿಮಿಷದ ಹಾಡಿಗೆ ಹತ್ತು ಸೆಕೆಂಡಿನಲ್ಲಿ ‘ಸೂಪರ್’ ಎಂದು ಬರುತ್ತದೆ. ಹೆಬ್ಬೆರಳಿನ ಚಿತ್ರ ಬರುತ್ತದೆ. ಅದರರ್ಥ ಕೇಳಿಲ್ಲ, ಕೇಳುವುದೂ ಇಲ್ಲ. ‘ಪುರುಸೊತ್ತಾದಾಗ ಕೇಳ್ತೀನಿ’ ಎಂಬುದು ಮರ್ಯಾದಸ್ಥರ ಉತ್ತರ. ನಾನು ‘ಕೇಳಿದಿರಾ?’ ಎಂದು ಯಾವತ್ತೂ ವಿಚಾರಿಸುವುದಿಲ್ಲ. ವಿಚಾರಿಸಿದ ಕ್ಷಣಕ್ಕೆ ಹಾಡು ಹೋಂವರ್ಕ್ ಆಗುತ್ತದೆ. ಒಂದರ ಬದಲು ಐದು ಕಳಿಸಿದರೂ ಅಷ್ಟೇ. ಐದರಲ್ಲಿ ಆರಿಸುವ ಕೆಲಸವನ್ನು ಅವರ ತಲೆಗೆ ಕಟ್ಟಿದಂತೆ, ಆರಿಸುವುದಲ್ಲವೇ ನಮ್ಮ ಕಸುಬು? ‘ಅದ್ಭುತ’, ‘ಕಣ್ಣೀರು ಬರುತ್ತೆ’ ಎಂದೆಲ್ಲ ಮುಂಚೆಯೇ ಬರೆಯುವವರನ್ನು ಕಂಡರೆ ನನಗೆ ಕೋಪ. ಬರಬೇಕಾದ ಕಣ್ಣೀರು ಆ ಮಾತಿಗೇ ಹಿಂದೆ ಸರಿಯುತ್ತದೆ.

ಇಷ್ಟು ನಿಯಮ ಹೇಳಿದ ಮೇಲೆ, ನಿಯಮವೇ ಇಲ್ಲದೆ ಕೊಟ್ಟ ಒಂದು ರೆಕಾರ್ಡಿನ ಕಥೆಯನ್ನೂ ಹೇಳಬೇಕು. ಅಮೆರಿಕದ ಕೊಲರಾಡೊದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಸ್ಯಾಕ್ಸೊಫೋನ್ ಕಲಿಯುತ್ತಿದ್ದಾಗ ಅವರ ಅಣ್ಣ ಬರೀ ತಮಾಷೆಗೆಂದು ಒಂದು ಆಲ್ಬಮ್ ಕೊಟ್ಟರಂತೆ. ಭಾರತೀಯ ಸ್ಯಾಕ್ಸೊಫೋನ್ ಎಂಬ ಮಾತೇ ಅವರಿಗೆ ನಗು ತರಿಸಿರಬೇಕು. ಅದು ಕದ್ರಿ ಗೋಪಾಲನಾಥರದು. ನಾಗಸ್ವರದವರ ಮನೆಯಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮರುಳಾಗಿ, ಗಮಕಕ್ಕೆ ಬಗ್ಗದ ಆ ಹಿತ್ತಾಳೆ ವಾದ್ಯವನ್ನು ವರ್ಷಗಟ್ಟಲೆ ಪಳಗಿಸಿದವರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದವರು. ತಮ್ಮ ನಗಲಿಲ್ಲ, ಕೇಳಿದರು. ಮುಂದೆ ಇಬ್ಬರೂ ಜೊತೆಯಾಗಿ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಬಂತು. ಇದನ್ನು ನೆನೆದಾಗಲೆಲ್ಲ ನನ್ನ ಚೀಟಿ, ಷರತ್ತು, ಲೆಕ್ಕಾಚಾರಗಳ ಬಗ್ಗೆ ಸ್ವಲ್ಪ ಅನುಮಾನ ಬರುತ್ತದೆ. ಆದರೂ ಬಿಡುವುದಿಲ್ಲ.

ಈಚಿನ ಶನಿವಾರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ರಾಯರ ಪ್ರಕರಣ. ಮಲ್ಲಿಕಾರ್ಜುನ ಮನ್ಸೂರರನ್ನು ಎದುರಿಗೇ ಕೂತು ಕೇಳಿದ ಕಿವಿ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೆಂದರೆ ಅವರ ಪ್ರಕಾರ ‘ಮಿಲಿಟರಿ ಬ್ಯಾಂಡ’. ಸಿಂಫನಿ ಕಳಿಸುವುದು ವ್ಯರ್ಥ. ನೂರು ವಾದ್ಯ ಒಟ್ಟಿಗೆ ಎದ್ದರೆ ರಾಯರೂ ಎದ್ದು ಹೋಗುತ್ತಾರೆ. ಒಬ್ಬನೇ ಕೂತು, ಪಕ್ಕವಾದ್ಯವಿಲ್ಲದೆ ನುಡಿಸುವುದು ಬೇಕಿತ್ತು. ಬಾಖ್ ಚೆಲ್ಲೊ ವಾದ್ಯವೊಂದಕ್ಕೇ ಬರೆದ ಆರು ಸೂಟ್‌ಗಳಿವೆ. ಅವುಗಳ ಹಳೆಯ ಪ್ರತಿ 1890ರಲ್ಲಿ ಬಾರ್ಸಿಲೋನಾದ ಒಂದು ಅಂಗಡಿಯಲ್ಲಿ ಪಾಬ್ಲೊ ಕಸಾಲ್ಸ್ ಎಂಬ ಹದಿಮೂರರ ಹುಡುಗನ ಕೈಗೆ ಸಿಕ್ಕಿತು. ಜನರೆದುರು ನುಡಿಸುವ ಮುಂಚೆ ಆತ ಹನ್ನೆರಡು ವರ್ಷ ಅವನ್ನು ಅಭ್ಯಾಸ ಮಾಡಿದ. ಹನ್ನೆರಡು ವರ್ಷದ ರಿಯಾಜ್ ಎಂದರೆ ರಾಯರು ಇಲ್ಲವೆನ್ನಲಾರರು. ಮೂವತ್ತರ ದಶಕದ ಕೊನೆಗೆ ಕಸಾಲ್ಸ್ ಮುದ್ರಿಸಿದ ಮೊದಲ ಸೂಟಿನ ಪ್ರಿಲ್ಯೂಡ್ ಕಳಿಸಿದೆ, ಎರಡೂವರೆ ನಿಮಿಷದ ಆಸುಪಾಸು. ‘ಆಲಾಪವೆಂದುಕೊಂಡು ಕೇಳಿ’ ಎಂಬುದು ಚೀಟಿ.

ಸಂಜೆ ಕಾಂಪೌಂಡಿನ ಆಚೆಯಿಂದಲೇ ಕೇಳಿದರು: “ತಂಬೂರಿ ಎಲ್ಲದ?”

ಈ ಪ್ರಶ್ನೆ ನಾನು ಎಣಿಸಿರಲಿಲ್ಲ. ಒಳಗೆ ಬಂದು ಮತ್ತೆ ಹಾಕಿ ಕೇಳಿದೆ. ಶುರುವಿನಲ್ಲಿ ಕೈ ಓಡುತ್ತಿದ್ದರೂ ಕೆಳಗಿನ ಒಂದು ಸ್ವರ ಮತ್ತೆ ಮತ್ತೆ ಬಂದು ಕೂರುತ್ತದೆ. ಹೋಗಿ ಹೇಳಿದೆ, ಅದೇ ತಂಬೂರಿ, ಒಂದೇ ಕೈ ಎರಡೂ ಕೆಲಸ ಮಾಡುತ್ತಿದೆ ಎಂದು. ರಾಯರು ನನ್ನ ಫೋನನ್ನೇ ಕಿವಿಗೆ ಹಿಡಿದು ಕೇಳಿದರು. ಕೆಲವೇ ಕ್ಷಣದಲ್ಲಿ ಬೆರಳೆತ್ತಿದರು. “ಇಲ್ಲಿತನಕ ಇತ್ತು. ಈಗ ಬಿಟ್ಟಬಿಟ್ಟಾನ, ನೋಡ್ರಿ!”

ಬಾಖ್ ಷಡ್ಜದಿಂದ ಕದಲುವ ಜಾಗ ಸರಿಯಾಗಿ ಅದೇ. ಮೊದಲ ಸಲ ಕೇಳುವವರು ಅದನ್ನು ಹಿಡಿಯುವುದನ್ನು ನಾನು ನೋಡಿರಲಿಲ್ಲ. ಮನೆಬಿಟ್ಟವನು ವಾಪಸು ಬರುತ್ತಾನೋ ಇಲ್ಲವೋ ಎಂದು ರಾಯರು ಕೊನೆಯವರೆಗೂ ಫೋನು ಬಿಡಲಿಲ್ಲ. “ಬಂದ. ಆದರ ಭಾಳ ಸುತ್ತಿ ಬಂದ” ಎಂದು ತೀರ್ಪು ಕೊಟ್ಟು, “ಉಳದ ಐದೂ ಕಳಸ್ರಿ. ಎಲ್ಲೆಲ್ಲಿ ಬಿಡತಾನ ನೋಡೋಣು” ಎಂದರು. ವಾರಕ್ಕೆ ಒಂದೇ, ನಿಯಮ ಎಂದೆ. ಗೊಣಗಿದರು. ಅಂತೂ ರಾಯರ ಮಟ್ಟಿಗೆ ಮುಂದಿನ ಐದು ಶನಿವಾರ ನಾನು ತಲೆ ಕೆಡಿಸಿಕೊಳ್ಳುವ ಹಾಗಿಲ್ಲ.