ಹವಳದ ತೊಟ್ಟಿಗೆ ಮೊದಲು ಏನು?

ಹ್ಯೂಸ್ಟನ್ನಿನಲ್ಲಿರುವ ನನ್ನ ಮಗನ ಮನೆಯಲ್ಲಿ ಜೀವಂತ ಹವಳ, ಮೀನುಗಳಿರುವ 800 ಲೀಟರಿನ ಗಾಜಿನ ತೊಟ್ಟಿಯಿದೆ. ಅದಕ್ಕೆ ಹೊಸ ಎಲ್‌ಇಡಿ ದೀಪಗಳನ್ನು ಕೊಳ್ಳಬೇಕೆಂಬುದು ಅವನ ಹಂಬಲ. ನೀರನ್ನು ಚಲಿಸುವಂತಿಡುವ ಪಂಪಿಗೆ ಮೊದಲು ಬ್ಯಾಟರಿ ಬರಲಿ ಎಂಬುದು ನನ್ನ ವಾದ. ಹವಳಗಳು ಒಂದೆರಡು ದಿನದ ಕತ್ತಲನ್ನು ಸಹಿಸಬಲ್ಲವು. ನೀರು ನಿಶ್ಚಲವಾದರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಕುಗ್ಗುತ್ತದೆ, ಸತ್ತ ಮೀನು ಕೊಳೆತು ಉಳಿದವನ್ನೂ ಕೊಲ್ಲುತ್ತದೆ. 2021ರ ಫೆಬ್ರವರಿಯ ಶೀತದಲ್ಲಿ ಟೆಕ್ಸಾಸಿನ ಲಕ್ಷಾಂತರ ಮನೆಗಳಿಗೆ ವಿದ್ಯುತ್ತಿರಲಿಲ್ಲ. ಆಗ ಅವನೂ ಸೊಸೆಯೂ ಸರದಿಯ ಮೇಲೆ ರಾತ್ರಿಯಿಡೀ ಚೊಂಬಿನಿಂದ ನೀರೆತ್ತಿ ಸುರಿದು ಕೆಲವನ್ನು ಉಳಿಸಿಕೊಂಡರು. (ಲೋಡ್‌ಶೆಡ್ಡಿಂಗಿನಲ್ಲಿ ಓದಿದ ನಿಮಗೆ ಇದು ಅರ್ಥವಾದೀತು!) ಎರಡನೆಯದು, ಹೀಟರಿಗೊಂದು ಪ್ರತ್ಯೇಕ ನಿಯಂತ್ರಕ. ಅದರ ಥರ್ಮೋಸ್ಟಾಟ್ ಸಿಕ್ಕಿಕೊಂಡರೆ 26 ಡಿಗ್ರಿಯಲ್ಲಿರಬೇಕಾದ ನೀರು ಕಾಯುತ್ತಲೇ ಹೋಗುತ್ತದೆ. ದೀಪ ಆಮೇಲಿನ ಮಾತು. ಸೊಸೆ ನನ್ನ ಪಕ್ಷ. ಮಗ ಇನ್ನೂ ದೀಪಗಳ ಬೆಲೆ ನೋಡುತ್ತಲೇ ಇದ್ದಾನೆ.