ಭೂತಗಳಿಗೆ ಒಣದ್ರಾಕ್ಷಿ

ಹ್ಯಾಲೊವೀನ್ ಮಿಠಾಯಿ ಕೊಳ್ಳುವುದೆಂದರೆ ಮುಕ್ಕಾಲುಪಾಲು ಪ್ಲಾಸ್ಟಿಕ್ ಕೊಳ್ಳುವುದೇ. ಹೊರಗೆ ದಿಂಬಿನಷ್ಟು ದೊಡ್ಡ ಚೀಲ, ಒಳಗೆ ನೂರಾರು ಪುಟ್ಟ ಪೊಟ್ಟಣ, ಅದರೊಳಗೆ ಒಂದು ತುತ್ತಿಗೂ ಸಾಲದ ಚಾಕೊಲೇಟು. ತಿನ್ನುವುದಕ್ಕಿಂತ ಬಿಚ್ಚುವುದಕ್ಕೇ ಹೆಚ್ಚು ಹೊತ್ತು ಬೇಕು. ಅಕ್ಟೋಬರ್ 31ರ ಸಂಜೆ ಮಾಟಗಾತಿಯರೂ ಅಸ್ಥಿಪಂಜರಗಳೂ ನ್ಯೂಜೆರ್ಸಿಯ ನಮ್ಮ ಬೀದಿಗೂ ಬರುತ್ತಾರೆ. ಬಾಗಿಲು ತೆಗೆದು, ಬೆಚ್ಚಿಬಿದ್ದಂತೆ ನಟಿಸಿ, ಚೀಲಕ್ಕೊಂದು ಹಾಕಿ ಕಳಿಸಬೇಕು.

ಪಕ್ಕದ ಮನೆಯ ಅಜ್ಜಿ ಚಿಕ್ಕವರಿದ್ದಾಗ ಹೀಗಿರಲಿಲ್ಲವಂತೆ. ಸೇಬು, ಮನೆಯಲ್ಲೇ ಮಾಡಿದ ಬಿಸ್ಕತ್ತು, ಚಿಲ್ಲರೆ ಕಾಸು, ಪಾಪ್‌ಕಾರ್ನ್ ಉಂಡೆ ಕೊಡುತ್ತಿದ್ದರಂತೆ. ಈ ಉಂಡೆ ನಮ್ಮ ಪುರಿ ಉಂಡೆಯ ಅಮೆರಿಕದ ತಂಗಿ. ಪಾಕದಲ್ಲಿ ಹೊರಳಿಸಿ, ಕೈಗೆ ಬೆಣ್ಣೆ ಸವರಿಕೊಂಡು ಬಿಸಿಯಿರುವಾಗಲೇ ಕಟ್ಟಬೇಕು. ಮಕ್ಕಳು ಹೀಗೆ ಮನೆಮನೆ ತಿರುಗುವುದು ಇಲ್ಲಿ ಹಬ್ಬಿದ್ದೇ 1930ರ ದಶಕದಿಂದೀಚೆಗೆ. ಯುದ್ಧಕಾಲದಲ್ಲಿ ಸಕ್ಕರೆಗೆ ರೇಷನ್ ಬಿದ್ದು ಮಂಕಾಗಿ, 1947ರಲ್ಲಿ ಅದು ತೆರವಾದ ಮೇಲೆ ಮತ್ತೆ ಚಿಗುರಿತು.

ಆ ಉಂಡೆಯನ್ನು ಓಡಿಸಿದ್ದು ಭಯ. 1974ರಲ್ಲಿ ಟೆಕ್ಸಸ್‌ನಲ್ಲಿ ಒಬ್ಬ ತಂದೆ ವಿಮೆಯ ಹಣದಾಸೆಗೆ ಹೆತ್ತ ಮಗನಿಗೇ ಸೈನೈಡ್ ಬೆರೆಸಿದ ಮಿಠಾಯಿ ಪುಡಿ ತಿನ್ನಿಸಿದ. 1982ರಲ್ಲಿ, ಹಬ್ಬಕ್ಕೆ ತಿಂಗಳಿದೆ ಎನ್ನುವಾಗ, ಷಿಕಾಗೋ ಸುತ್ತಮುತ್ತ ವಿಷ ಬೆರೆತ ತಲೆನೋವಿನ ಮಾತ್ರೆ ನುಂಗಿ ಏಳು ಜನ ಸತ್ತರು. ಮಾತ್ರೆಗೂ ಮಿಠಾಯಿಗೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ. ಜೋಯೆಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞರು 1958ರಿಂದೀಚಿನ ಸುದ್ದಿಗಳನ್ನೆಲ್ಲ ಜಾಲಾಡಿದರು; ಅಪರಿಚಿತರು ಕೊಟ್ಟ ಹ್ಯಾಲೊವೀನ್ ಮಿಠಾಯಿಯಿಂದ ಮಗು ಸತ್ತ ಖಚಿತ ಪ್ರಕರಣ ಒಂದೂ ಸಿಗಲಿಲ್ಲ. ಕೊಂದವನು ಅಪ್ಪ, ಅನುಮಾನ ಬಿದ್ದದ್ದು ಪಕ್ಕದ ಮನೆಯಾಕೆಯ ಉಂಡೆಯ ಮೇಲೆ!

ಹಾಗಾಗಿ ಇಲ್ಲಿ ಪೊಟ್ಟಣವೆಂದರೆ ಬರೀ ಪೊಟ್ಟಣವಲ್ಲ, ನಂಬಿಕೆಯ ಮೊಹರು. ಕಡಲೆಕಾಯಿ ಉಂಡೆ ಕಟ್ಟಿ ಕೊಡೋಣವೆಂದರೆ ಅದು ನೇರ ಕಸದ ಬುಟ್ಟಿಗೆ. ಕಡಲೆಕಾಯಿ ಆಗದ ಮಕ್ಕಳೂ ಬೇಕಾದಷ್ಟಿದ್ದಾರೆ. ನಾನಾದರೂ ಅಷ್ಟೆ, ಮಗಳು ಬಿಡಿ ತಿಂಡಿ ತಂದರೆ ಬಾಯಿಗಿಡಲು ಬಿಡುವುದಿಲ್ಲ. ಮೊಹರು ಇರಬೇಕು, ಪ್ಲಾಸ್ಟಿಕ್ ಇರಬಾರದು: ನನ್ನ ಹುಡುಕಾಟವೆಲ್ಲ ಇಷ್ಟರೊಳಗೇ.

ಹೊಳೆಯುವುದೆಲ್ಲ ಅಲ್ಯೂಮಿನಿಯಂ ಅಲ್ಲ. ಕಾಗದವನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿ. ಮುದ್ದೆಯಾಗಿಯೇ ಉಳಿದರೆ ಲೋಹ; ಚರಚರ ಎನ್ನುತ್ತ ಮೆಲ್ಲಗೆ ಅರಳಿಕೊಂಡರೆ ಬೆಳ್ಳಿ ಬಣ್ಣ ಬಳಿದ ಪ್ಲಾಸ್ಟಿಕ್, ಮರುಬಳಕೆಯ ಡಬ್ಬಿಗೆ ಅದು ಬೇಡ. ಹರ್ಷೀಸ್ ಕಿಸ್ಸಸ್ ಈ ಪರೀಕ್ಷೆಯಲ್ಲಿ ಪಾಸು. 1907ರಲ್ಲಿ ಅದು ಹುಟ್ಟಿದಾಗ ಒಂದೊಂದನ್ನೂ ಕೈಯಲ್ಲೇ ಸುತ್ತುತ್ತಿದ್ದರು. 1921ರಲ್ಲಿ ಯಂತ್ರ ಬಂತು, ನೆತ್ತಿಯ ಮೇಲಿನ ಕಾಗದದ ಬಾಲವೂ ಬಂತು. ಆದರೂ ಚೂರುಚೂರಾಗಿ ಹಾಕಿದರೆ ವಿಂಗಡಿಸುವ ಯಂತ್ರದ ಸಂದಿಯಲ್ಲಿ ಸೋರಿಹೋಗುತ್ತದೆ, ಮುಷ್ಟಿಗಾತ್ರದ ಉಂಡೆ ಮಾಡಿಯೇ ಹಾಕಬೇಕು. ಕೊನೆಗೂ ಒಂದು ಉಂಡೆ ಕಟ್ಟುವ ಭಾಗ್ಯ ಸಿಕ್ಕಿತು.

ಇನ್ನು ರಟ್ಟಿನ ಡಬ್ಬಿಯವು: ನರ್ಡ್ಸ್, ಡಾಟ್ಸ್, ಸನ್‌ಮೇಡ್ ಒಣದ್ರಾಕ್ಷಿ. ಅವನ್ನೂ ಒಟ್ಟು ಸೇರಿಸಿ ಪ್ಲಾಸ್ಟಿಕ್ ಚೀಲದಲ್ಲೇ ಮಾರುತ್ತಾರೆ ಅನ್ನಿ. ನೂರರ ಜಾಗದಲ್ಲಿ ಒಂದು ಎಂದು ಸಮಾಧಾನ ಮಾಡಿಕೊಂಡೆ. ಒಣದ್ರಾಕ್ಷಿ ಕಂಡದ್ದೇ ಮಗಳು ಅಂಗಡಿಯಲ್ಲೇ ಅಡ್ಡ ನಿಂತಳು. "ಅಮ್ಮಾ, ಇದನ್ನ ಕೊಟ್ರೆ ನಾಳೆ ಸ್ಕೂಲ್‌ನಲ್ಲಿ ನಾನು ಮುಖ ತೋರ್ಸೋದು ಬೇಡ್ವಾ?" ಮೂರನ್ನೂ ಒಂದೇ ಬುಟ್ಟಿಯಲ್ಲಿಟ್ಟು ಅವರವರಿಗೆ ಬೇಕಾದ್ದನ್ನು ಆರಿಸಿಕೊಳ್ಳಲಿ ಎಂದು ರಾಜಿಯಾಯಿತು.

ಮೊಣಕಾಲೆತ್ತರದ ಡೈನೊಸಾರ್ ಒಂದು ಒಣದ್ರಾಕ್ಷಿಯ ಡಬ್ಬಿ ಎತ್ತಿ ಅಲ್ಲಾಡಿಸಿ ನೋಡಿತು. ಬಲು ಮರ್ಯಾದೆಯಿಂದ ಅದನ್ನು ವಾಪಸ್ಸಿಟ್ಟು, ನರ್ಡ್ಸ್ ಎತ್ತಿಕೊಂಡು, ಬಾಲ ಎಳೆಯುತ್ತ ಮೆಟ್ಟಿಲಿಳಿಯಿತು. ಒಳಗಿಂದ ಮಗಳು, "ನಾನು ಹೇಳ್ಲಿಲ್ವಾ?" ಅಂದಳು. ದೀಪಾವಳಿಯ ಶಾವಿಗೆ ಪಾಯಸಕ್ಕೆ ಆ ವರ್ಷ ನಾನು ದ್ರಾಕ್ಷಿ ಕೊಳ್ಳಲಿಲ್ಲ.