ಎರಡು ಕಾರ್ಡು, ನಡುವೆ ಒಂದು ಹೊಳೆ

ಪ್ಯಾರಿಸ್ ಮೆಟ್ರೊದ ಮೂರನೇ ಲೈನು ಮುಗಿಯುವಲ್ಲಿ ಇಳಿದು ಸೇತುವೆ ಹತ್ತಿದರೆ, ಸೇನ್ ನದಿಯ ನಡುವೆ ಮಲಗಿರುವುದೇ ಗ್ರಾಂದ್ ಜಾಟ್ ದ್ವೀಪ. ಈಗ ಅಲ್ಲಿ ಭಾರಿ ಬೆಲೆಯ ಫ್ಲ್ಯಾಟುಗಳು. ನಾನು ಹುಡುಕಿಕೊಂಡು ಹೋದದ್ದು ಹಳೆಯ ಭಾನುವಾರವೊಂದನ್ನು. ಜೇಬಿನಲ್ಲಿ ಎರಡು ಪೋಸ್ಟ್‌ಕಾರ್ಡು: ಒಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಕೊಂಡದ್ದು, ಇನ್ನೊಂದು ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟಿನದು. ಎರಡೂ ಜಾರ್ಜ್ ಸ್ಯೂರಾ ಬರೆದ ಚಿತ್ರಗಳು. ಮೂಲದಲ್ಲಿ ಒಂದೊಂದೂ ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲ.

ನದಿಯಂಚಿನ ಬೆಂಚಿನ ಮೇಲೆ ಅವನ್ನು ಅಕ್ಕಪಕ್ಕ ಇಟ್ಟೆ. ಎಡಕ್ಕೆ 1884ರ 'ಅನಿಯೇರ್‌ನಲ್ಲಿ ಸ್ನಾನ'. ಆಚೆ ದಡದ ದುಡಿಯುವ ಜನ, ಕಳಚಿಟ್ಟ ಬೂಟು, ಹಿಂದೆ ಕ್ಲಿಶಿಯ ಕಾರ್ಖಾನೆಗಳ ಹೊಗೆ. ಬಲಕ್ಕೆ 1886ರಲ್ಲಿ ಮುಗಿದ 'ಗ್ರಾಂದ್ ಜಾಟ್‌ನಲ್ಲಿ ಒಂದು ಭಾನುವಾರ'. ಈ ದಡದ ಕೊಡೆಗಳು, ಎತ್ತರದ ಟೊಪ್ಪಿಗಳು, ಸರಪಳಿ ಹಾಕಿದ ಸಾಕು ಕೋತಿ. ಮೈ ಜುಮ್ಮೆಂದಿತು. ಅವರು ಬಲಕ್ಕೆ ನೋಡುತ್ತಿದ್ದಾರೆ, ಇವರಲ್ಲಿ ಬಹುಪಾಲು ಜನ ಎಡಕ್ಕೆ! ಮ್ಯೂಸಿಯಮ್ಮುಗಳ ನಡುವೆ ಅಟ್ಲಾಂಟಿಕ್ ಸಾಗರವಿದೆ. ನನ್ನ ಬೆಂಚಿನ ಮೇಲೆ ಬರೀ ಹೊಳೆ.

ಆ ಹೊಳೆ ದಾಟಲು ದೋಣಿಯೂ ಉಂಟು. ಮೊದಲ ಚಿತ್ರದಲ್ಲಿ ಕಾಣುವ ಪುಟ್ಟ ದೋಣಿಯಲ್ಲಿ ಫ್ರೆಂಚ್ ಬಾವುಟ, ಬಿಳಿ ಕೊಡೆಯ ಹೆಂಗಸು, ಟೊಪ್ಪಿಯ ಗಂಡಸು. ಹುಟ್ಟು ಹಾಕುವವನು ಬೇರೆ. ನೀರಲ್ಲಿ ನಿಂತ ಕೆಂಪು ಟೊಪ್ಪಿಯ ಹುಡುಗ ಬಾಯಿಗೆ ಕೈ ಅಡ್ಡ ಹಿಡಿದು ಕೂಗುತ್ತಿದ್ದಾನೆ. ಅವರಿಗೇ ಇರಬೇಕು ಆ ಕೂಗು ಅಂತ ನನ್ನ ಗುಮಾನಿ.

ಹಾಗೆಂದು ಈ ದಡ ಉಳ್ಳವರದೇ ಎನ್ನುವಂತಿಲ್ಲ. ಎಡ ಮೂಲೆಯಲ್ಲಿ ತೋಳಿಲ್ಲದ ಅಂಗಿಯವನೊಬ್ಬ ಪೈಪು ಸೇದುತ್ತ ಅಡ್ಡಾಗಿದ್ದಾನೆ. ಅವನಿಗೆ ತಾಗಿದಂತೆ ಬೆತ್ತ ಹಿಡಿದ ಶೋಕಿ ಮನುಷ್ಯ. ಇಬ್ಬರಿಗೂ ಒಂದೇ ನೆರಳು, ಮಾತು ಮಾತ್ರ ಇಲ್ಲ. ರೈಲು ಊರಿನವರನ್ನೆಲ್ಲ ಹೊಳೆದಡಕ್ಕೆ ತಂದು ಬಿಟ್ಟಿತ್ತು, ಪರಿಚಯ ಮಾಡಿಸಿರಲಿಲ್ಲ.

ಇನ್ನೊಂದು ಸೋಜಿಗ. ಭಾನುವಾರದ ರಜೆಯ ಹಳೆಯ ಕಾಯಿದೆಯನ್ನು ಫ್ರಾನ್ಸ್ 1880ರಲ್ಲೇ ತೆಗೆದುಹಾಕಿತ್ತು. ಸ್ಯೂರಾ ಕುಂಚ ಹಿಡಿದ ಕಾಲಕ್ಕೆ ಮಾಲೀಕ ಬಿಟ್ಟರೆ ರಜೆ, ಇಲ್ಲದಿದ್ದರೆ ಇಲ್ಲ. ವಾರಕ್ಕೊಂದು ದಿನದ ಬಿಡುವು ಮತ್ತೆ ಕಡ್ಡಾಯವಾದದ್ದು 1906ರಲ್ಲಿ. ಅಷ್ಟರಲ್ಲಿ ಚಿತ್ರಕಾರ ತೀರಿಕೊಂಡು 15 ವರ್ಷ. ಸಾಯುವಾಗ ಅವನಿಗೆ ಬರೀ 31.

ನೀವು ಹೋಗುವುದಾದರೆ ಭಾನುವಾರವೇ ಹೋಗಿ. ಕಾರ್ಡು ಮಾತ್ರ ಎರಡೂ ಇರಲಿ.